ಘಟ್ಟದ ರಸ್ತೆಗೆ ಎಂಥ ಜಾಣತನ ಬೇಕು?

ಶಿವಮೊಗ್ಗ ನಗರವು 2016ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಹುಬ್ಬಳ್ಳಿ-ಧಾರವಾಡ, ಮಂಗಳೂರು, ತುಮಕೂರುಗಳೂ ಅದೇ ಸುತ್ತಿನಲ್ಲಿ ಆಯ್ಕೆಯಾದವು. ದೇಶದಾದ್ಯಂತ ಆ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಈ ನಡುವಣ ವರ್ಷಗಳಲ್ಲಿ ನಗರದ ಬೀದಿಗಳನ್ನು ಅಗೆದು ಮುಚ್ಚಲಾಯಿತು, ಕೇಬಲ್ಲುಗಳು ನೆಲದಡಿಗೆ ಇಳಿದವು, ವೃತ್ತಗಳಲ್ಲಿ ಕ್ಯಾಮೆರಾಗಳು ಕಣ್ಣು ತೆರೆದವು, ಅವುಗಳ ದೃಶ್ಯಗಳೆಲ್ಲ ಒಂದೆಡೆ ಬಂದು ಸೇರುವ ನಿಯಂತ್ರಣ ಕೇಂದ್ರವೂ ಸ್ಥಾಪನೆಯಾಯಿತು. ಹೆಲ್ಮೆಟ್ ಧರಿಸದೆ ಸಿಗ್ನಲ್ ದಾಟಿದವನ ಗಾಡಿಯ ಸಂಖ್ಯೆಯನ್ನು ಯಂತ್ರವೇ ಓದಿ, ದಂಡದ ಸೂಚನೆಯನ್ನು ಅವನಿಗೆ ತಲುಪಿಸುವಷ್ಟು ಜಾಣತನ ನಮ್ಮ ಜಿಲ್ಲಾ ಕೇಂದ್ರಕ್ಕೆ ಬಂದಿದೆ.

ಅದೇ ನಗರದಿಂದ ಸಂಜೆ ಹೊರಟ ಬಸ್ಸು ತೀರ್ಥಹಳ್ಳಿಯನ್ನು ದಾಟಿ ಆಗುಂಬೆಯ ದಾರಿ ಹಿಡಿದ ಮೇಲೆ ಎಲ್ಲಿದೆ, ಎಷ್ಟು ಹೊತ್ತಿಗೆ ಬಂದೀತು, ಮುಂದೆ ಮರ ಬಿದ್ದಿದೆಯೇ, ಧರೆ ಜರಿದಿದೆಯೇ ಎಂಬುದು ಮಾತ್ರ ನಿಲ್ದಾಣದ ಕಟ್ಟೆಯಲ್ಲಿ ಕಾಲೇಜಿನಿಂದ ಬರುವ ಮಗಳನ್ನು ಕಾಯುತ್ತ ಕುಳಿತ ತಂದೆಗೆ ತಿಳಿಯುವುದಿಲ್ಲ. ಪುನರ್ವಸು ಮಳೆಯ ಹೊತ್ತಿನಲ್ಲಿ ಈ ಅಜ್ಞಾನದ ಬೆಲೆ ಏನೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಸಾರಿಗೆಗೆ ಸಂಬಂಧಿಸಿದ ಸಂಪರ್ಕಜಾಲ ಎಂಬ ವಿಷಯವು ಪರಿಸರಾಸಕ್ತರ ಪತ್ರಿಕೆಗೆ ಹೇಗೆ ಹೊಂದುತ್ತದೆ ಎಂದು ಕೆಲವರು ಕೇಳಬಹುದು. ನಾನು ಮಣ್ಣು ಮತ್ತು ಬೆಳೆಗಳನ್ನು ಅಭ್ಯಾಸ ಮಾಡಿದವನು, ತಂತಿ-ತರಂಗಗಳ ತಜ್ಞನಲ್ಲ. ಆದರೆ ಮಲೆನಾಡಿನಲ್ಲಿ ರಸ್ತೆಯ ಪ್ರಶ್ನೆ ಎದ್ದಾಗಲೆಲ್ಲ ಅದಕ್ಕೆ ಸಿಗುವ ಉತ್ತರ ಒಂದೇ: ಇನ್ನಷ್ಟು ಅಗಲ, ಇನ್ನಷ್ಟು ನೇರ, ಇನ್ನಷ್ಟು ಮರಗಳ ಬಲಿ. ರಸ್ತೆಯನ್ನು ಅಗಲಿಸದೆ ಅದರ ಮೇಲಿನ ಓಡಾಟವನ್ನು ಸುರಕ್ಷಿತಗೊಳಿಸುವ ಮಾರ್ಗವೊಂದಿದ್ದು, ಆ ಮಾರ್ಗ ಮಾಹಿತಿಯ ವಿನಿಮಯವೇ ಆಗಿದ್ದರೆ, ಅದನ್ನು ಮೊದಲು ಅರಿತುಕೊಳ್ಳಬೇಕಾದವರು ನಾವೇ.

ಎಲ್ಲಿದ್ದೇನೆಂದು ತಿಳಿಯುವುದು, ತಿಳಿಸುವುದು

ಇಂಟೆಲಿಜೆಂಟ್ ಟ್ರಾನ್ಸ್‌ಪೋರ್ಟ್ ಸಿಸ್ಟಮ್ ಎಂಬ ದೊಡ್ಡ ಹೆಸರಿನ ವ್ಯವಸ್ಥೆ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ನಗರ ಸಾರಿಗೆಯ ಸುಮಾರು 500 ಬಸ್ಸುಗಳಿಗೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ 2012ರಲ್ಲಿಯೇ ಸ್ಥಳ ಸೂಚಿಸುವ ಉಪಕರಣಗಳನ್ನು ಅಳವಡಿಸಿ, ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆಂದು ತಂಗುದಾಣಗಳಲ್ಲಿ ಫಲಕ ಹಾಕಲಾಯಿತು. ಬೆಂಗಳೂರಿನ ಬಿ.ಎಂ.ಟಿ.ಸಿ. 2016ರಲ್ಲಿ ಅದೇ ದಾರಿ ಹಿಡಿಯಿತು. ಇವುಗಳ ಒಳಗಿನ ತತ್ತ್ವ ಸರಳ. ಬಸ್ಸಿನಲ್ಲಿರುವ ಪೆಟ್ಟಿಗೆ ಉಪಗ್ರಹಗಳಿಂದ ಬರುವ ಸಂಕೇತಗಳನ್ನು ಹಿಡಿದು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಮೊಬೈಲ್ ಜಾಲದ ಮೂಲಕ ಕೇಂದ್ರಕ್ಕೆ ಕಳಿಸುತ್ತದೆ. ಕೇಂದ್ರವು ಅದನ್ನು ನಿಲ್ದಾಣದ ಫಲಕಕ್ಕೋ ಪ್ರಯಾಣಿಕನ ಫೋನಿಗೋ ರವಾನಿಸುತ್ತದೆ.

ಇಲ್ಲಿ ವಿದ್ಯಾರ್ಥಿ ಮಿತ್ರರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೊದಲ ಕೆಲಸಕ್ಕೆ ಟವರ್ ಬೇಡ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಿಂದಲೂ, ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಿಂದಲೂ ಸಂಕೇತಗಳನ್ನು ಸುರಿಸುತ್ತಲೇ ಇರುತ್ತವೆ. ಆಕಾಶ ಒಂದಿಷ್ಟು ಕಾಣುವಂತಿದ್ದರೆ ಸಾಕು, ಮಳೆಗಾಲದ ಆಗುಂಬೆಯಲ್ಲಿಯೂ ಪೆಟ್ಟಿಗೆಗೆ ತನ್ನ ಸ್ಥಾನ ತಿಳಿಯುತ್ತದೆ. (ನಾವಿಕ್ ಸರಣಿಯ ಮೊದಲ ಉಪಗ್ರಹ 2013ರ ಜುಲೈನಲ್ಲಿ ಹಾರಿತು. ಇಸ್ರೋ ಉಪಗ್ರಹಗಳ ಮೇಲೆ ಕಣ್ಣಿಡುವ ಪ್ರಧಾನ ನಿಯಂತ್ರಣ ಕೇಂದ್ರ ನಮ್ಮ ನೆರೆಯ ಹಾಸನದಲ್ಲಿದೆ ಎಂಬುದು ಎಷ್ಟು ಜನರಿಗೆ ಗೊತ್ತೋ!) ಕಷ್ಟವಿರುವುದು ಎರಡನೆಯ ಕೆಲಸದಲ್ಲಿ. ತಾನೆಲ್ಲಿದ್ದೇನೆಂದು ಬಲ್ಲ ಬಸ್ಸು ಅದನ್ನು ಯಾರಿಗೂ ಹೇಳಲಾರದೆ ಕಣಿವೆಯಲ್ಲಿ ಮೂಕವಾಗಿ ಸಾಗುತ್ತದೆ.

ಈ ಮೌನವನ್ನು ನಿಯಮ ರೂಪಿಸಿದವರೂ ಊಹಿಸಿದ್ದರು. ಸಾರ್ವಜನಿಕ ವಾಹನಗಳಲ್ಲಿ ಸ್ಥಳ ಸೂಚಕ ಮತ್ತು ತುರ್ತು ಗುಂಡಿ ಕಡ್ಡಾಯವೆಂಬ ಕೇಂದ್ರದ ನಿಯಮ 2016ರಲ್ಲಿ ಪ್ರಕಟವಾಯಿತು; 2019ರ ಜನವರಿಯಿಂದ ಹೊಸ ವಾಹನಗಳಿಗೆ ಜಾರಿಗೆ ಬಂತು. ಅದಕ್ಕಾಗಿ ರೂಪಿಸಿದ ಎ.ಐ.ಎಸ್.-140 ಎಂಬ ಮಾನದಂಡದ ಪ್ರಕಾರ, ಜಾಲ ಸಿಗದಿದ್ದಾಗ ಪೆಟ್ಟಿಗೆಯು ಕನಿಷ್ಠ 40,000 ಸ್ಥಾನಗಳನ್ನು ತನ್ನೊಳಗೇ ಬರೆದಿಟ್ಟುಕೊಂಡು ಜಾಲ ಸಿಕ್ಕೊಡನೆ ಕಳಿಸಬೇಕು. ಹತ್ತು ಸೆಕೆಂಡಿಗೊಂದರಂತೆ ಬರೆದರೂ ನಾಲ್ಕೂವರೆ ದಿನಗಳ ದಾಖಲೆ! ಬಸ್ ಮಾಲೀಕರು ಡೀಸೆಲ್ ಲೆಕ್ಕ ನೋಡಲು ಇದು ಬಹಳ ಚೆನ್ನಾಯಿತು. ಆದರೆ ಬಸ್ಸಿನೊಳಗೆ ಭಯದಿಂದ ಕೆಂಪು ಗುಂಡಿ ಒತ್ತಿದ ಹೆಣ್ಣುಮಗಳ ಕೂಗನ್ನು ಹೀಗೆ ಬರೆದಿಟ್ಟುಕೊಂಡು ಮುಂದಿನ ಊರಿನಲ್ಲಿ ಕಳಿಸಿದರೆ ಆದೀತೆ? ಇಂಟರ್ನೆಟ್ ಇಲ್ಲದಿದ್ದರೆ ಎಸ್ಸೆಮ್ಮೆಸ್ ಮೂಲಕ ಕಳಿಸಬೇಕೆಂಬ ವಿಧಿಯೂ ಇದೆ. ಎಸ್ಸೆಮ್ಮೆಸ್ಸಿಗೂ ಟವರ್ ಬೇಕಲ್ಲ! ರಾಜಧಾನಿಯಲ್ಲಿ ಕುಳಿತು ಬರೆದ ನಿಯಮ ಘಟ್ಟದ ತಿರುವಿಗೆ ಬರುವಷ್ಟರಲ್ಲಿ ಅಲಂಕಾರವಾಗುವುದು ಹೀಗೆ.

ಅಗತ್ಯವಿರುವ ಜಾಲ ಎಷ್ಟು ದೊಡ್ಡದು ಎಂಬ ಬಗ್ಗೆಯೂ ನಮ್ಮಲ್ಲಿ ಭ್ರಮೆಗಳಿವೆ. ಒಂದು ಸಣ್ಣ ಲೆಕ್ಕ ಮಾಡೋಣ. ಬಸ್ಸಿನ ಒಂದು ಸ್ಥಾನ ಸಂದೇಶ ಸುಮಾರು 200 ಅಕ್ಷರಗಳಷ್ಟು ಎಂದಿಟ್ಟುಕೊಳ್ಳಿ. ಹತ್ತು ಸೆಕೆಂಡಿಗೊಮ್ಮೆ, ದಿನಕ್ಕೆ ಹನ್ನೆರಡು ತಾಸು ಕಳಿಸಿದರೆ 4,320 ಸಂದೇಶಗಳು. ಒಟ್ಟು ಒಂದು ಮೆಗಾಬೈಟಿಗಿಂತ ಕಡಿಮೆ. ವೃತ್ತದ ಒಂದು ಕ್ಯಾಮೆರಾ ಸೆಕೆಂಡಿಗೆ ಎರಡು ಮೆಗಾಬಿಟ್ ವೇಗದಲ್ಲಿ ದೃಶ್ಯ ಕಳಿಸುತ್ತಿದ್ದರೆ ದಿನಕ್ಕೆ 21 ಗಿಗಾಬೈಟ್ ಮೀರುತ್ತದೆ. ಅಂದರೆ ಒಂದು ಕ್ಯಾಮೆರಾದ ಒಂದು ದಿನದ ಹಸಿವಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಸ್ಸುಗಳ ದಿನಚರಿಯನ್ನು ತಿಳಿಸಬಹುದು. ನಗರಕ್ಕೆ ನೆಲದಡಿಯ ಆಪ್ಟಿಕಲ್ ಫೈಬರ್ ಬೇಕಾದದ್ದು ಕ್ಯಾಮೆರಾಗಳಿಗಾಗಿ. ಹಳ್ಳಿಯ ಬಸ್ಸಿಗೆ ಬೇಕಾದದ್ದು ಹಳೆಯ ಕಾಲದ, ನಿಧಾನದ, ಆದರೆ ಕೈಕೊಡದ ಜಾಲ. 5ಜಿ ಬಂದರೇ ಎಲ್ಲವೂ ಸಾಧ್ಯ ಎನ್ನುವವರು ಈ ಅಂಕಿಗಳನ್ನೊಮ್ಮೆ ನೋಡಬೇಕು.

ವಾಹನಗಳು ತಮ್ಮತಮ್ಮಲ್ಲೇ ನೇರವಾಗಿ ಮಾತಾಡಿಕೊಳ್ಳುವ ತಂತ್ರಜ್ಞಾನದ ಬಗ್ಗೆಯೂ ಹೊರದೇಶಗಳಲ್ಲಿ ಎರಡು ದಶಕಗಳಿಂದ ಪ್ರಯೋಗಗಳು ನಡೆದಿವೆ. 5.9 ಗಿಗಾಹರ್ಟ್ಸ್ ತರಂಗಗಳಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಸಂದೇಶ ಮುಟ್ಟಿಸುವ ವ್ಯವಸ್ಥೆ ಅದು. ಅಷ್ಟು ಎತ್ತರದ ಕಂಪನಾಂಕದ ತರಂಗ ಗುಡ್ಡದ ಮರೆಗೆ ಬಾಗಿ ಹೋಗಲಾರದು. ನೀರು ತುಂಬಿದ ಎಲೆಗಳೂ ಅದನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಕುರುಡು ತಿರುವಿನಲ್ಲಿ ಇನ್ನೂ ಬಹುಕಾಲ ನಮ್ಮ ಚಾಲಕರ ಉದ್ದನೆಯ ಹಾರನ್ನೇ ಗತಿ.

ಒಂಟಿ ಹಳಿಯ ಪಾಠ

ಸಾರಿಗೆಗೂ ಸಂಪರ್ಕಕ್ಕೂ ಇರುವ ನಂಟು ನಮ್ಮ ಜಿಲ್ಲೆಗೆ ಕಂಪ್ಯೂಟರಿನೊಂದಿಗೆ ಬಂದುದಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಆ ದಾರಿಗೆ ಸರಕಿನ ಓಡಾಟವೂ ಸೇರಿತು. ಒಂದೇ ಹಳಿಯ ಮೇಲೆ ಎದುರುಬದುರಾಗಿ ಬರುವ ಗಾಡಿಗಳು ಡಿಕ್ಕಿಯಾಗದಂತೆ ನಡೆಸಿದ್ದು ಹೇಗೆ? ಭಾರತೀಯ ರೈಲ್ವೆಯ ಒಂಟಿ ಹಳಿ ಮಾರ್ಗಗಳಲ್ಲಿ ಎರಡು ನಿಲ್ದಾಣಗಳ ನಡುವೆ ತಂತಿಯಿಂದ ಬೆಸೆದ ಜೋಡಿ ಯಂತ್ರಗಳಿದ್ದವು. ಎರಡೂ ಕಡೆಯ ಮಾಸ್ತರರು ಒಪ್ಪಿದರೆ ಮಾತ್ರ ಒಂದು ಯಂತ್ರದಿಂದ ಒಂದು ಟೋಕನ್ ಹೊರಬರುತ್ತಿತ್ತು. ಅದು ಹೊರಗಿರುವ ತನಕ ಎರಡೂ ಯಂತ್ರಗಳಿಂದ ಇನ್ನೊಂದು ಬರುವಂತಿಲ್ಲ. ಬಳೆಯಾಕಾರದ ಬೆತ್ತಕ್ಕೆ ಕಟ್ಟಿದ ಚೀಲದಲ್ಲಿ ಆ ಲೋಹದ ಗುಂಡನ್ನಿಟ್ಟು ಓಡುವ ಗಾಡಿಯ ಚಾಲಕನ ಕೈಗೆ ದಾಟಿಸುತ್ತಿದ್ದುದನ್ನು ಹಿರಿಯ ಓದುಗರು ಕಂಡಿರಬಹುದು. ಗುಂಡು ಕೈಯಲ್ಲಿದ್ದರೆ ಮುಂದಿನ ಹಳಿ ತನ್ನದೆಂಬ ಖಾತ್ರಿ. ಎರಡನೆಯ ಹಳಿ ಹಾಕಲು ಹಣವಿಲ್ಲದ ಕಾಲದಲ್ಲಿ ಒಂದು ತಂತಿ ಮತ್ತು ಒಂದು ಗುಂಡು ಆ ಹಳಿಯ ಕೆಲಸ ಮಾಡಿದವು.

ಈ ಪಾಠವನ್ನು ಘಾಟಿಗೆ ತನ್ನಿ. ತೀರ್ಥಹಳ್ಳಿಯಿಂದ ಉಡುಪಿಯ ಕಡೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 169ಎ ಆಗುಂಬೆಯಲ್ಲಿ 14 ಕಡಿದಾದ ತಿರುವುಗಳನ್ನು ಹಾಯುತ್ತದೆ. ಸುತ್ತ ಸೋಮೇಶ್ವರ ಅಭಯಾರಣ್ಯ, ಸಿಂಗಳೀಕಗಳ ನೆಲೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಮಳೆಗಾಲದಲ್ಲಿ ಭಾರೀ ವಾಹನಗಳನ್ನು ಇಲ್ಲಿ ನಿಷೇಧಿಸುವುದು ವಾಡಿಕೆ. 2022ರ ಜುಲೈನಲ್ಲಿ ಧರೆ ಕುಸಿದು ಸಂಚಾರವೇ ನಿಂತಿತ್ತು. ಸುರಂಗ ಕೊರೆಯುವ ಪ್ರಸ್ತಾಪವೂ ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಅಗಲೀಕರಣದ ಬೇಡಿಕೆಗೆ ಕೊಡುವ ಮುಖ್ಯ ಕಾರಣ ತಿರುವಿನಲ್ಲಿ ಎರಡು ದೊಡ್ಡ ವಾಹನಗಳು ಎದುರಾದರೆ ದಾರಿ ಕಟ್ಟುತ್ತದೆ ಎಂಬುದು. ಸರಿ, ಎದುರಾಗದಂತೆ ಮಾಡಿದರೆ? ಮೇಲೆ ಆಗುಂಬೆ, ಕೆಳಗೆ ಸೋಮೇಶ್ವರ, ಈ ಎರಡು ತುದಿಗಳ ನಡುವೆ ಭದ್ರವಾದ ಸಂಪರ್ಕ ಒಂದಿದ್ದು, ದೊಡ್ಡ ವಾಹನಗಳನ್ನು ಸರದಿಯಂತೆ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಬಿಟ್ಟರೆ, ಅಂಬುಲೆನ್ಸ್ ಹೊರಟ ಸುದ್ದಿ ಇನ್ನೊಂದು ತುದಿಗೆ ಮೊದಲೇ ತಲುಪಿ ಅದಕ್ಕೆ ದಾರಿ ತೆರವಾದರೆ, ಗುಡ್ಡದ ಬುಡಕ್ಕೆ ಜೆ.ಸಿ.ಬಿ. ಹಚ್ಚುವ ಅಗತ್ಯ ಎಷ್ಟು ಉಳಿಯುತ್ತದೆ? ಕಾಯಬೇಕಾಗುತ್ತದೆ, ನಿಜ. ಬಸ್ಸಿನಲ್ಲಿ ಕುಳಿತವರು ಗೊಣಗುವುದೂ ನಿಜ. ಅರ್ಧ ಗಂಟೆ ಕಾದು ದಾಟುವ ರಸ್ತೆಯೋ, ಎರಡು ತಿಂಗಳು ಮುಚ್ಚಿರುವ ರಸ್ತೆಯೋ ಎಂದು ಕೇಳಿದರೆ ನನ್ನ ಉತ್ತರ ಸ್ಪಷ್ಟವಿದೆ.

ಮಣ್ಣಿನ ವಿದ್ಯಾರ್ಥಿಯಾಗಿ ಇನ್ನೊಂದು ಮಾತು ಹೇಳಬೇಕು. ನಮ್ಮ ಘಟ್ಟದಂಚಿನ ಹಲವೆಡೆ ಮೇಲೆ ಜಂಬಿಟ್ಟಿಗೆಯ ಪದರ, ಅದರಡಿ ಕರಾವಳಿಯವರು ಶೇಡಿ ಎಂದು ಕರೆಯುವ ಮೆದು ಜೇಡಿ. ಮೇಲಿನ ಪದರ ನೀರನ್ನು ಬೇಗನೆ ಇಳಿಸುತ್ತದೆ, ಕೆಳಗಿನದು ತಡೆಯುತ್ತದೆ. ನಡುವೆ ನಿಂತ ನೀರು ಮೇಲಿನ ಭಾರವನ್ನು ಜಾರಿಸಲು ಕಾದಿರುತ್ತದೆ. ಬೇರುಗಳು ಹಿಡಿದಿಟ್ಟ ತನಕ, ಬುಡವನ್ನು ಕಡಿಯದ ತನಕ ಗುಡ್ಡ ನಿಲ್ಲುತ್ತದೆ. ಬುಡವನ್ನು ನೇರಕ್ಕೆ ಕತ್ತರಿಸಿ ರಸ್ತೆ ಅಗಲಿಸಿದಲ್ಲಿ ಏನಾಗುತ್ತದೆಂಬುದನ್ನು 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಕಂಡೆವು. ಗುಡ್ಡ ಹೆದ್ದಾರಿಯ ಮೇಲೆ ಜಾರಿ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿಗೆ ನೂಕಿತು. ಕೇರಳದ ಲಾರಿಯೊಂದು ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಆ ಲಾರಿ ಕೊನೆಯದಾಗಿ ಎಲ್ಲಿತ್ತೆಂದು ಹುಡುಕುವಾಗ ಅದರ ಸ್ಥಳ ಸೂಚಕದ ಮಾಹಿತಿ ಚರ್ಚೆಗೆ ಬಂತು. ಅವಘಡದ ನಂತರ ಶವವನ್ನು ಹುಡುಕಲು ಬಳಕೆಯಾದ ತಂತ್ರಜ್ಞಾನ ಅವಘಡಕ್ಕೆ ಮೊದಲು ವಾಹನಗಳನ್ನು ತಡೆದು ನಿಲ್ಲಿಸಲು ಬಳಕೆಯಾಗಲಿಲ್ಲ.

ಮಳೆಮಾಪಕವೂ ಘಾಟಿಯ ಗೇಟೂ

ಹಾಗೆ ಬಳಸಲು ನಮ್ಮಲ್ಲಿ ಏನೂ ಇಲ್ಲವೆಂದೇನಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಸೌರಶಕ್ತಿಯಿಂದ ನಡೆಯುವ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ರಾಜ್ಯದಲ್ಲಿ ಅವುಗಳ ಸಂಖ್ಯೆ 6,000 ಮೀರಿದೆ. ಹದಿನೈದು ನಿಮಿಷಕ್ಕೊಮ್ಮೆ ಅವು ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಮಳೆಯ ಲೆಕ್ಕ ಒಪ್ಪಿಸುತ್ತವೆ. ವರುಣಮಿತ್ರ ಸಹಾಯವಾಣಿಗೆ ಕರೆ ಮಾಡುವ ರೈತರಿಗೆ ಸಿಗುವ ಉತ್ತರದ ಹಿಂದಿರುವುದು ಈ ಜಾಲ. ಔಷಧಿ ಸಿಂಪಡಣೆಗೆ ದಿನ ನೋಡಲು ನಾನೂ ಅದನ್ನು ಬಳಸುತ್ತೇನೆ, ಬೇರೆಯವರಿಗೂ ಹೇಳುತ್ತೇನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಬಿಡುವು ಹುಡುಕುವ ಅಡಿಕೆ ಬೆಳೆಗಾರನಿಗೆ ಈ ಮಾಹಿತಿ ಸಿಗುತ್ತದೆ. ಅದೇ ಮಳೆ ಸುರಿಯುತ್ತಿರುವ ಗುಡ್ಡದಡಿಯಲ್ಲಿ ಐವತ್ತು ಜನರನ್ನು ಕೂರಿಸಿಕೊಂಡು ಸಾಗುವ ಬಸ್ಸಿನ ಚಾಲಕನಿಗೆ ಸಿಗುವುದಿಲ್ಲ. ಇಲಾಖೆಗಳು ಬೇರೆ ಬೇರೆ ಎಂಬುದನ್ನು ಬಿಟ್ಟರೆ ಇದಕ್ಕೆ ಕಾರಣವೇ ಕಾಣದು.

ಕೊಂಕಣ ರೈಲ್ವೆಯವರು ಈ ಕೂಡಿಸುವ ಕೆಲಸವನ್ನು ಎಂದೋ ಮಾಡಿದ್ದಾರೆ. ಉಡುಪಿ, ಉತ್ತರ ಕನ್ನಡಗಳ ಮೂಲಕ ಹಾಯುವ ಆ ಮಾರ್ಗದಲ್ಲಿ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿಯಿದೆ; ನಿಲ್ದಾಣಗಳಲ್ಲಿ ಮಳೆಮಾಪಕಗಳೂ, ಎತ್ತರದ ಸೇತುವೆಗಳಲ್ಲಿ ಗಾಳಿಯ ವೇಗ ಅಳೆಯುವ ಯಂತ್ರಗಳೂ, ನದಿಗಳ ಬಳಿ ನೆರೆ ಎಚ್ಚರಿಕೆಯ ಉಪಕರಣಗಳೂ ಇವೆ. ಮಳೆ, ಗಾಳಿ ಮಿತಿ ಮೀರಿದರೆ ಗಾಡಿಯ ವೇಗ ತಗ್ಗುತ್ತದೆ ಅಥವಾ ಗಾಡಿ ನಿಲ್ಲುತ್ತದೆ. ಘಾಟಿ ರಸ್ತೆಗೂ ಇಂಥದೊಂದು ಮಿತಿ ನಿಗದಿಯಾಗಬೇಕು. ಇಂತಿಷ್ಟು ತಾಸಿನಲ್ಲಿ ಇಂತಿಷ್ಟು ಮಿಲಿಮೀಟರ್ ಮಳೆಯಾದರೆ ಗೇಟು ಹಾಕತಕ್ಕದ್ದು, ಆ ಸುದ್ದಿ ಶಿವಮೊಗ್ಗ, ತೀರ್ಥಹಳ್ಳಿ, ಹೆಬ್ರಿ, ಉಡುಪಿ ಬಸ್ ನಿಲ್ದಾಣಗಳಿಗೆ ಕೂಡಲೇ ಮುಟ್ಟತಕ್ಕದ್ದು, ಬಸ್ಸುಗಳು ಹೊರಡುವ ಮೊದಲೇ ಪ್ರಯಾಣಿಕರಿಗೆ ತಿಳಿಯತಕ್ಕದ್ದು. ಹುಲಿಕಲ್ಲಿನ ಬಾಳೆಬರೆ ಘಾಟಿಗೂ ಇದೇ ಮಾತು. ಮಿತಿ ಎಷ್ಟೆಂಬುದನ್ನು ಆಯಾ ಘಾಟಿಯ ಮಣ್ಣು, ಇಳಿಜಾರು ನೋಡಿ ತಜ್ಞರು ನಿರ್ಧರಿಸಲಿ. ಈಗ ಗೇಟು ಹಾಕುವುದು ಧರೆ ಕುಸಿದ ಮೇಲೆ.

ಇದಕ್ಕೆ ಬೇಕಾದ ಸಂಪರ್ಕಕ್ಕೆ ದೊಡ್ಡ ಟವರುಗಳೇ ಬೇಕೆಂದಿಲ್ಲ. ನಮ್ಮ ದೇಶದಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಲ್ಲದೆ ಬಳಸಬಹುದು. ಲೋರಾ ಎಂಬ ಹೆಸರಿನ ಪುಟ್ಟ ಉಪಕರಣಗಳು ಈ ತರಂಗಗಳಲ್ಲಿ ಸಣ್ಣ ಸಂದೇಶಗಳನ್ನು ಕೆಲವು ಕಿಲೋಮೀಟರ್ ದೂರ ದಾಟಿಸುತ್ತವೆ. ವಿದ್ಯುತ್ತಿನ ಹಸಿವು ಅತ್ಯಲ್ಪ. ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಸಂದೇಶವನ್ನು ಕೈದಾಟಿಸುತ್ತ ಗುಡ್ಡ ಇಳಿಸಬಹುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟಿಗೆಂದು ಟ್ರಾಫಿಕ್ ಸಿಗ್ನಲಿನ ಆಟಿಕೆ ಮಾದರಿಗಳನ್ನು ಮಾಡುವ ಬದಲು ಇದನ್ನು ಯಾಕೆ ಕೈಗೆತ್ತಿಕೊಳ್ಳಬಾರದು?

ಕಾಡಿನೊಳಗೆ ಟವರ್

ಮಲೆನಾಡಿನ ಜನ ನೆಟ್‌ವರ್ಕಿಗಾಗಿ ಪಟ್ಟ ಪಾಡು ಸಣ್ಣದಲ್ಲ. ಕೊರೋನಾದ 2020 ಮತ್ತು 2021ರಲ್ಲಿ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ ಕೊಡೆಯಡಿ ಕುಳಿತರು. ಶರಾವತಿ ಹಿನ್ನೀರಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂಬ ಫಲಕಗಳು ಎದ್ದವು. ಮಂಗನ ಕಾಯಿಲೆ 2019ರಲ್ಲಿ ಸಾಗರ ತಾಲೂಕಿನ ಅರಲಗೋಡಿನ ಸುತ್ತ ಜೀವಗಳನ್ನು ಬಲಿ ಪಡೆದಾಗ, ರೋಗಿಯನ್ನು ಸಾಗಿಸಲು ವಾಹನ ಕರೆಯುವುದೇ ಎಷ್ಟು ಕಷ್ಟವೆಂಬುದನ್ನು ಒಳನಾಡಿನ ಹಳ್ಳಿಗರೆಲ್ಲ ಬಲ್ಲರು. 108ಕ್ಕೆ ಕರೆ ಹೋದರೆ ತಾನೇ ಅಂಬುಲೆನ್ಸ್ ಹೊರಡುವುದು! ಜಾಲವಿಲ್ಲದ ಹಳ್ಳಿಗಳಿಗೆ ಬಿ.ಎಸ್.ಎನ್.ಎಲ್. ಮೂಲಕ 4ಜಿ ಒದಗಿಸಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಟವರ್ ಬೇಡವೆನ್ನುವ ಪರಿಸರವಾದ ನನ್ನದಲ್ಲ. ಪಟ್ಟಣದಲ್ಲಿ ಎಲ್ಲ ಸೌಲಭ್ಯಗಳನ್ನು ಅನುಭವಿಸುತ್ತ ಕಾಡಂಚಿನವರು ಮಾತ್ರ ಮೌನದಲ್ಲಿರಲಿ ಎನ್ನುವುದು ನ್ಯಾಯವೂ ಅಲ್ಲ.

ಆದರೆ ಎಲ್ಲಿ, ಹೇಗೆ ಎಂಬ ಪ್ರಶ್ನೆಗಳಿವೆ. ಕೇಬಲ್ಲು ಈಗಿರುವ ರಸ್ತೆಯ ಅಂಚಿನಲ್ಲೇ, ಮರಗಳ ಬೇರು ಕಡಿಯದೆ ಸಾಗಬೇಕು. ಒಂದು ಇಲಾಖೆ ಅಗೆದ ಕಾಲುವೆಯಲ್ಲೇ ಇನ್ನೊಂದರ ಕೇಬಲ್ಲೂ ಹೋಗಬೇಕು. ಮೂರು ಕಂಪನಿಗಳು ಮೂರು ಸಲ ಅಗೆದರೆ ಮಳೆಗಾಲದಲ್ಲಿ ಆ ಸಡಿಲ ಮಣ್ಣೇ ಧರೆ ಕುಸಿತಕ್ಕೆ ನಾಂದಿ. ಟವರ್ ಊರಿನ ಶಾಲೆಯ, ಪಂಚಾಯಿತಿಯ ಬಳಿ ನಿಲ್ಲಲಿ, ಕಾನಿನ ನಡುವೆ ಹೊಸ ದಾರಿ ಕಡಿದು ನಿಲ್ಲುವುದು ಬೇಡ. ಇನ್ನೂ ಮುಖ್ಯವಾದದ್ದು ವಿದ್ಯುತ್ತು. ನಮ್ಮ ಊರಿಗೆ ಹತ್ತಿರದ ಟವರ್ ಒಂದು ಕರೆಂಟು ಹೋದ ಮುಕ್ಕಾಲು ಗಂಟೆಗೆ ಕಣ್ಣು ಮುಚ್ಚುತ್ತದೆ. ಮರ ಬಿದ್ದು ಲೈನ್ ಹರಿದರೆ ಕರೆಂಟು ಬರುವುದು ಎರಡು ಮೂರು ದಿನಕ್ಕೆ. ಜಾಲ ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ ಅದು ಇಲ್ಲವಾಗುತ್ತದೆ ಎಂದಾಯಿತು. ಆಷಾಢದ ಮೋಡದಡಿ ಸೌರಫಲಕವೂ ಅರೆಹೊಟ್ಟೆ. ಬ್ಯಾಟರಿಯ ಸಾಮರ್ಥ್ಯವನ್ನು ಬಯಲುಸೀಮೆಯ ಲೆಕ್ಕದಲ್ಲಿ ಅಲ್ಲದೆ ಮಲೆನಾಡಿನ ಮಳೆಯ ಲೆಕ್ಕದಲ್ಲಿ ನಿಗದಿಪಡಿಸಬೇಕು.

ಜಾಲವು ಮನುಷ್ಯರ ಜೊತೆಗೆ ಪ್ರಾಣಿಗಳನ್ನೂ ಕಾಯಬಲ್ಲದೆಂಬುದಕ್ಕೆ ತಮಿಳುನಾಡಿನ ವಾಲ್ಪಾರೈ ಉದಾಹರಣೆಯಿದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅಲ್ಲಿ ಆನೆಗಳಿರುವ ಜಾಗವನ್ನು ಸಂಜೆಯೇ ಎಸ್ಸೆಮ್ಮೆಸ್ ಮೂಲಕ ತೋಟದ ಕಾರ್ಮಿಕರಿಗೆ ತಿಳಿಸುವ, ಎತ್ತರದ ಕಂಬಗಳ ಮೇಲಿನ ಕೆಂಪು ದೀಪಗಳನ್ನು ಮೊಬೈಲಿನಿಂದಲೇ ಉರಿಸುವ ಏರ್ಪಾಟು ಮಾಡಿದರು. ಕತ್ತಲಲ್ಲಿ ಬಸ್ಸಿಳಿದು ಮನೆಗೆ ನಡೆಯುವವನು ದೀಪ ನೋಡಿ ಎಚ್ಚರಗೊಳ್ಳುತ್ತಾನೆ. ಕೊಯಮತ್ತೂರಿನ ಬಳಿಯ ಮದುಕ್ಕರೈ ರೈಲು ಮಾರ್ಗದಲ್ಲಿ 2024ರಿಂದ ಕ್ಯಾಮೆರಾಗಳು ಆನೆಯನ್ನು ಗುರುತಿಸಿ ಚಾಲಕರಿಗೆ ಸುದ್ದಿ ಮುಟ್ಟಿಸುತ್ತಿವೆ. ಶಿವಮೊಗ್ಗದಿಂದ ಸಕ್ರೆಬೈಲಿನ ಮೂಲಕ ತೀರ್ಥಹಳ್ಳಿಗೆ ಹೋಗುವ ರಸ್ತೆ ಶೆಟ್ಟಿಹಳ್ಳಿ ಅಭಯಾರಣ್ಯದ ಮಗ್ಗುಲಲ್ಲೇ ಸಾಗುತ್ತದೆ. ನಿಯಂತ್ರಣ ಕೇಂದ್ರದ ಕ್ಯಾಮೆರಾಗಳಲ್ಲಿ ಒಂದೆರಡನ್ನಾದರೂ ಹೆಲ್ಮೆಟ್ಟಿನ ಮೇಲಿಂದ ಈ ಕಡೆಗೆ ತಿರುಗಿಸಬಾರದೆ? ಹಾಗೆಂದು ಯಂತ್ರವಿದೆ ಎಂಬ ಧೈರ್ಯದಲ್ಲಿ ಬಂಡೀಪುರದ ರಾತ್ರಿ ಸಂಚಾರ ನಿಷೇಧದಂಥ ಕ್ರಮಗಳನ್ನು ಸಡಿಲಿಸಬೇಕೆಂಬ ವಾದ ಬಂದರೆ ಅದನ್ನು ನಾವು ಒಪ್ಪಬೇಕಾಗಿಲ್ಲ. 2009ರಲ್ಲಿ ಬಂದ ಆ ನಿಷೇಧವನ್ನು 2010ರಲ್ಲಿ ಉಚ್ಚ ನ್ಯಾಯಾಲಯ ಎತ್ತಿಹಿಡಿದದ್ದು ಕಾಡಿಗೆ ರಾತ್ರಿಯಾದರೂ ನೆಮ್ಮದಿ ಸಿಗಲೆಂದು.

ಭದ್ರಾವತಿಯ ದಾರಿ, ಖಾಸಗಿ ಬಸ್ಸು, ಹಾಲಿನ ಕ್ಯಾನು

ಶಿವಮೊಗ್ಗ-ಭದ್ರಾವತಿಗಳ ನಡುವಿನ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ದಾರಿ ಬೇರೆಯದೇ ಸಮಸ್ಯೆಯದು. ಇಲ್ಲಿ ಟವರುಗಳಿಗೆ ಬರವಿಲ್ಲ. ಕಾರ್ಖಾನೆಗಳು ತುಂಬು ಉಸಿರಿನಲ್ಲಿದ್ದ ಕಾಲದಲ್ಲಿ ಪಾಳಿಯ ಸೈರನ್ನು ಕೇಳಿ ಬಸ್ಸುಗಳು ಹೊಂದಿಕೊಳ್ಳುತ್ತಿದ್ದವು. ಅದೂ ಒಂದು ಸಂಪರ್ಕ ವ್ಯವಸ್ಥೆಯೇ. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು, ಕಬ್ಬಿಣದ ಕಾರ್ಖಾನೆಯ ಭವಿಷ್ಯ 2023ರಿಂದ ತೂಗುಯ್ಯಾಲೆಯಲ್ಲಿದೆ. ಈಗ ಆ ದಾರಿಯಲ್ಲಿ ಓಡಾಡುವವರು ವಿದ್ಯಾರ್ಥಿಗಳು, ಆಸ್ಪತ್ರೆಗೆ ಹೋಗುವವರು, ಅಂಗಡಿ ಕೆಲಸದವರು. ಒಂದರ ಹಿಂದೊಂದು ಮೂರು ಬಸ್ಸುಗಳು ಪೈಪೋಟಿಯಿಂದ ಓಡಿ, ಬಳಿಕ ಬಹಳ ಹೊತ್ತು ಒಂದೂ ಬಾರದಿರುವುದನ್ನು ನಿತ್ಯ ಪ್ರಯಾಣಿಕರು ಬಲ್ಲರು. ಎಲ್ಲ ಬಸ್ಸುಗಳ ಸ್ಥಾನ ಎಲ್ಲರಿಗೂ ಕಾಣುವಂತಿದ್ದರೆ ಅವುಗಳ ನಡುವೆ ಸಮ ಅಂತರ ಕಾಯ್ದುಕೊಳ್ಳುವುದು ಕಷ್ಟವಲ್ಲ. ಸಮ ಅಂತರದ ಬಸ್ಸುಗಳಿದ್ದರೆ ಸ್ಕೂಟರ್ ಕೊಳ್ಳುವವರೂ ಕಡಿಮೆಯಾದಾರು. ಕಾನೂನಿನ ಪ್ರಕಾರ ಸ್ಥಳ ಸೂಚಕ ಹಾಕಲೇಬೇಕಾದ ಬಸ್ಸುಗಳ ಮಾಹಿತಿ ಸರ್ಕಾರದ ಕಣಜ ಸೇರಿದರೆ ಸಾಲದು; ಕಟ್ಟೆಯಲ್ಲಿ ಕಾಯುವವನಿಗೂ ಅದು ಸಿಗಬೇಕು.

ಮಲೆನಾಡಿನ ಸಾರಿಗೆಯ ಬೆನ್ನೆಲುಬು ಖಾಸಗಿ ಬಸ್ಸು ಎಂಬುದನ್ನು ಯೋಜನೆ ಬರೆಯುವವರು ಮರೆಯುತ್ತಾರೆ. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದಾಗ ಅದು ಸರ್ಕಾರಿ ಬಸ್ಸುಗಳಿಗೆ ಸೀಮಿತವಾಗಿ, ನಮ್ಮ ಒಳಹಳ್ಳಿಗಳ ಹೆಣ್ಣುಮಕ್ಕಳಿಗೆ ಅದರ ಪಾಲು ಕಡಿಮೆಯೇ ದಕ್ಕಿತು. ಕೊಪ್ಪದ ಕಾರ್ಮಿಕರೇ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಸಂಸ್ಥೆ 2020ರಲ್ಲಿ ಓಟ ನಿಲ್ಲಿಸಿತು. ಅಂಥ ಸಂಸ್ಥೆಗೆ ಯಾವ ಮಾರ್ಗದಲ್ಲಿ ಯಾವ ಹೊತ್ತಿಗೆ ಎಷ್ಟು ಜನರಿದ್ದಾರೆಂಬ ಕರಾರುವಾಕ್ಕಾದ ಮಾಹಿತಿ ಅಗ್ಗವಾಗಿ ಒದಗಿದ್ದರೆ ಇನ್ನಷ್ಟು ವರ್ಷ ಬಾಳುತ್ತಿತ್ತೇ ಎಂದು ನಾನು ಆಗಾಗ ಯೋಚಿಸುವುದುಂಟು. ಕೇವಲ ಮಾಹಿತಿಯಿಂದ ಡೀಸೆಲ್ ಬೆಲೆ ಇಳಿಯದು, ಒಪ್ಪಿದೆ. ಈಗ ಸ್ಥಳ ಸೂಚಕ ಪೆಟ್ಟಿಗೆಯ ಖರ್ಚನ್ನು ಸಣ್ಣ ಮಾಲೀಕರ ತಲೆಗೆ ಕಟ್ಟಿ, ಅದರಿಂದ ಅವರಿಗಾಗಲಿ ಪ್ರಯಾಣಿಕರಿಗಾಗಲಿ ಏನೂ ಮರಳದಿದ್ದರೆ, ಅದು ಇನ್ನೊಂದು ಸುಂಕವಷ್ಟೆ.

ನನ್ನ ಕ್ಷೇತ್ರದ ಒಂದು ಉದಾಹರಣೆ ಸಾಕು. ಕರೆದ ಹಾಲನ್ನು ಮೂರು ನಾಲ್ಕು ತಾಸಿನೊಳಗೆ ತಂಪುಗೊಳಿಸದಿದ್ದರೆ ಅದು ಕೆಡಲಾರಂಭಿಸುತ್ತದೆ. ಹಾಲಿನ ಗಾಡಿ ಮುರಿದ ಮೋರಿಯ ಬಳಿ ಸಿಕ್ಕಿಕೊಂಡರೆ, ಮುಂದಿನ ಹತ್ತು ಹಳ್ಳಿಗಳ ಸಂಘಗಳಲ್ಲಿ ಕ್ಯಾನುಗಳು ಕಾದು ಹುಳಿಯುತ್ತವೆ, ನಷ್ಟ ಎರಡು ಹಸು ಕಟ್ಟಿದ ಮನೆಯದು. ಗಾಡಿ ಎಲ್ಲಿ ನಿಂತಿದೆಯೆಂಬ ಒಂದು ಸಾಲಿನ ಸಂದೇಶ ಸಂಘದ ಕಾರ್ಯದರ್ಶಿಗೆ ಬಂದರೆ ಬೇರೆ ಜೀಪು ಮಾಡಿ ಮಾಚೇನಹಳ್ಳಿಯ ಡೇರಿಗೋ ಹತ್ತಿರದ ಶೀತಲ ಘಟಕಕ್ಕೋ ಕಳಿಸಲು ಅವರಿಗೆ ತಿಳಿಯುತ್ತದೆ. ಇಂಥ ಒಂದು ಸಾಲಿಗಾಗಿ ಕೃತಕ ಬುದ್ಧಿಮತ್ತೆ ಬೇಕಿಲ್ಲ.

ಸ್ಮಾರ್ಟ್ ಸಿಟಿ ಯೋಜನೆ ಮುಗಿದ ಮೇಲೆ ಅದರ ಯಂತ್ರಗಳನ್ನು ಸಾಕುವ ಹೊರೆ ಸ್ಥಳೀಯ ಸಂಸ್ಥೆಗಳ ಮೇಲೆ ಬೀಳುವುದು ಸಹಜ. ಆ ಖರ್ಚನ್ನು ಹೊರುವ ಜಿಲ್ಲೆಯ ಜನ ಅದರ ಉಪಯೋಗವನ್ನು ನಗರದ ಗಡಿಯಾಚೆಗೂ ಕೇಳಲು ಹಕ್ಕುಳ್ಳವರು. ನಿಯಂತ್ರಣ ಕೇಂದ್ರ ಈಗಾಗಲೇ ಇದೆ. ಅಲ್ಲಿ ಒಂದು ಮೇಜನ್ನು ಘಾಟಿ ರಸ್ತೆಗಳಿಗೆ ಮೀಸಲಿಡಿ, ಮಳೆಮಾಪಕಗಳ ಲೆಕ್ಕವನ್ನೂ ಬಸ್ಸುಗಳ ಸ್ಥಾನವನ್ನೂ ಆ ಮೇಜಿಗೆ ತನ್ನಿ ಎಂದು ನಮ್ಮ ಗ್ರಾಮಸಭೆಗಳು ಈ ಮಳೆಗಾಲಕ್ಕೆ ಮೊದಲೇ ನಿರ್ಣಯ ಮಾಡಿ ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಪಂಚಾಯಿತಿಗೂ ಕಳಿಸಬಹುದು.

ನಿರ್ಣಯಕ್ಕೆ ಬಲ ಬರುವುದು ದಾಖಲೆಯಿಂದ. ನಿತ್ಯ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗಳು ಒಂದು ನೋಟುಪುಸ್ತಕ ಇಟ್ಟುಕೊಂಡು, ತಮ್ಮ ದಾರಿಯ ಯಾವ ಕಿಲೋಮೀಟರ್ ಕಲ್ಲಿನಿಂದ ಯಾವ ಕಲ್ಲಿನವರೆಗೆ ಫೋನ್ ಕರೆ ಹೋಗುವುದಿಲ್ಲ, ಎಲ್ಲಿ ಎಸ್ಸೆಮ್ಮೆಸ್ ಮಾತ್ರ ಹೋಗುತ್ತದೆ, ಎಂದು ಕರೆಂಟು ಹೋಗಿ ಎಷ್ಟು ಹೊತ್ತಿಗೆ ಟವರ್ ನಿಂತಿತು, ಬಸ್ಸು ಎಷ್ಟು ತಡವಾಯಿತು, ಯಾಕೆ ಎಂದು ದಿನಾಂಕ ಸಹಿತ ಬರೆಯಲಿ. ಜೂನಿನಿಂದ ಆಗಸ್ಟಿನವರೆಗಿನ ಮೂರು ತಿಂಗಳು ಸಾಕು. ಒಂದೇ ಮಾರ್ಗದಲ್ಲಿ ಇಬ್ಬರು ಬರೆದರೆ ಇನ್ನೂ ಒಳ್ಳೆಯದು, ತಾಳೆ ನೋಡಬಹುದು. ಬರೆದ ಹಾಳೆಗಳನ್ನು ಪತ್ರಿಕೆಯ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದರೆ ಮಾರ್ಗವಾರು ನಕ್ಷೆ ಮಾಡಿಕೊಡುವ ಕೆಲಸ ನನ್ನದು.